‘ಬ್ರೋ’ ಎಂಬ ನುಡಿಯ ವಂಶಾವಳಿ

ಹೊನ್ನಾವರದ ಬಸ್ ನಿಲ್ದಾಣದಲ್ಲಿ ಅರ್ಧ ತಾಸು ನಿಂತರೆ ಕಾಲೇಜು ಹುಡುಗರ ಬಾಯಲ್ಲಿ ‘ಬ್ರೋ’ ಎಂಬ ಸಂಬೋಧನೆ ಹಲವು ಬಾರಿ ಕಿವಿಗೆ ಬೀಳುತ್ತದೆ. ಮನೆಯಲ್ಲಿ ಒಡಹುಟ್ಟಿದ ಅಣ್ಣನನ್ನೂ ಮಕ್ಕಳು ಹಾಗೆಯೇ ಕರೆಯತೊಡಗಿರುವುದು ಹಿರಿಯರ ಬೇಸರಕ್ಕೆ ಕಾರಣವಾಗಿದೆ. ಆ ಬೇಸರವನ್ನು ತೂಗಿ ನೋಡುವ ಮುನ್ನ ಪದದ ಕುಲಮೂಲವನ್ನು ನಾವು ಅರಿಯುವುದು ಉಚಿತ.

‘ಬ್ರೋ’ ಎಂಬುದು ಇಂಗ್ಲಿಷಿನ ‘ಬ್ರದರ್’ ಪದದ ಮೊಟಕು ರೂಪ. ಮೊದಲು ಬರವಣಿಗೆಯ ಸಂಕ್ಷೇಪವಾಗಿದ್ದ ಇದು, ಇಪ್ಪತ್ತನೆಯ ಶತಮಾನದಲ್ಲಿ ಅಮೆರಿಕದ ಕಪ್ಪು ಜನರ ಆಡುಮಾತಿನಲ್ಲಿ ಆತ್ಮೀಯ ಸಂಬೋಧನೆಯಾಗಿ ಬೆಳೆದು, ಸಂಗೀತ ಹಾಗೂ ಚಲನಚಿತ್ರಗಳ ಮೂಲಕ ಲೋಕವನ್ನೇ ಸುತ್ತಿತು.

‘ಬ್ರದರ್’ ಪದದ ಬಂಧುಬಳಗವಾದರೋ ಬಹು ದೊಡ್ಡದು. ಲ್ಯಾಟಿನ್ನಿನ ‘ಫ್ರಾತೆರ್’, ಪಾರಸಿಯ ‘ಬಿರಾದರ್’, ಸಂಸ್ಕೃತದ ‘ಭ್ರಾತೃ’ ಇವೆಲ್ಲ ಒಂದೇ ಬೇರಿನ ಚಿಗುರುಗಳು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಕವಲೊಡೆದಿರಬೇಕೆಂದು ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯಲ್ಲಿ ಪ್ರತಿಪಾದಿಸಿದನು. ನಮ್ಮ ಶರಾವತಿ ದಂಡೆಯ ಕೊಂಕಣಿಗರು ಸಹೋದರನಿಗೆ ‘ಭಾವು’ ಎನ್ನುತ್ತಾರಷ್ಟೆ. ಅದೂ ‘ಭ್ರಾತೃ’ವೇ ಪ್ರಾಕೃತದಲ್ಲಿ ಸವೆದು ಉಳಿದ ರೂಪ. ಹೀಗೆ ನಿಲ್ದಾಣದ ‘ಬ್ರೋ’ ಮತ್ತು ಪೇಟೆಯ ‘ಭಾವು’ ದೂರದ ದಾಯಾದಿಗಳು!

ಆದರೆ ಕನ್ನಡದ ‘ಅಣ್ಣ’, ‘ತಮ್ಮ’ ಈ ಬಳಗಕ್ಕೆ ಸೇರಿದವಲ್ಲ. ‘ಅಣ್ಣ’ನ ನಂಟು ತಮಿಳಿನ ‘ಅಣ್ಣನ್’, ತೆಲುಗಿನ ‘ಅನ್ನ’ಗಳೊಡನೆ. ದ್ರಾವಿಡ ನುಡಿಗಳಲ್ಲಿ ಹಿರಿಯನಿಗೊಂದು, ಕಿರಿಯನಿಗೊಂದು ಪದವುಂಟು. ‘ಬ್ರದರ್’ ಎಂಬುದರಲ್ಲಿ ಆ ಭೇದವಿಲ್ಲ. ‘ಅಣ್ಣಾ’ ಎಂದು ಕರೆದೊಡನೆ ಕರೆದವನಿಗೆ ವಿನಯವೂ ಕರೆಸಿಕೊಂಡವನಿಗೆ ಹೊಣೆಯೂ ಬರುತ್ತದೆ. ‘ಬ್ರೋ’ ಎಂದಾಗ ಸಲಿಗೆ ಉಳಿಯುತ್ತದೆ, ಹೊಣೆ ಜಾರುತ್ತದೆ. ಹಿರಿಯರ ಬೇಸರದ ತಿರುಳು ಇದೇ.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ಈ ಮನೆಮಾತುಗಳನ್ನೇ ಎತ್ತಿಕೊಂಡು ಮನೆಯ ಹೊಸ್ತಿಲನ್ನು ದಾಟಿಸಿದರು. ಬಸವರಸನು ಎಲ್ಲರಿಗೂ ಬಸವಣ್ಣನಾದನು. ವಯಸ್ಸಿನಲ್ಲಿ ಚಿಕ್ಕವಳಾದ ಮಹಾದೇವಿ ಹಿರಿಯ ಶರಣರಿಗೂ ಅಕ್ಕನಾದಳು. ಅಲ್ಲಿ ಹಿರಿತನವನ್ನು ಅಳೆದದ್ದು ವಯಸ್ಸಿನಿಂದಲ್ಲ, ಕುಲದಿಂದಲೂ ಅಲ್ಲ, ಅನುಭಾವದಿಂದ.

ಆದುದರಿಂದ ಗೆಳೆಯರ ನಡುವಿನ ‘ಬ್ರೋ’ವನ್ನು ನಾವು ಹಳಿಯಬೇಕಾಗಿಲ್ಲ, ಅಪರಿಚಿತನನ್ನೂ ಸೋದರನೆಂದು ಕರೆಯುವ ಗುಣ ಅದಕ್ಕಿದೆ. ಆದರೆ ಮನೆಯೊಳಗೆ ‘ಅಣ್ಣ’ನ ಸ್ಥಾನವನ್ನು ಅದಕ್ಕೆ ಬಿಟ್ಟುಕೊಡುವುದು ಬೇಡ. ಕರೆಯುವ ಮಕ್ಕಳಿಗೆ ಈ ಮಾತು ತಿಳಿಯಲಿ. ಕರೆಸಿಕೊಳ್ಳುವ ಅಣ್ಣಂದಿರೂ ಆ ಹೆಸರಿಗೆ ತಕ್ಕಂತೆ ನಡೆದುಕೊಳ್ಳಲಿ.