‘ಪೀಡಿತ’ ಎಂಬ ಗೋಣಿಚೀಲ

ಇಂಗ್ಲಿಷಿನಲ್ಲಿ ‘ಪ್ರೋನ್’ ಮತ್ತು ‘ವಲ್ನರಬಲ್’ ಎಂಬ ಎರಡು ಪದಗಳಿವೆ. ಎರಡೂ ಒಂದೇ ಎಂದುಕೊಂಡಿದ್ದೀರಾ? ಪದೇ ಪದೇ ಹಾಗಾಗುವುದು ಮೊದಲನೆಯದು. ಆದಾಗ ತಡೆದುಕೊಳ್ಳಲು ಆಗದಿರುವುದು ಎರಡನೆಯದು. ನಮ್ಮ ಕಚೇರಿಗಳು ಮಾತ್ರ ಎರಡನ್ನೂ ‘ಪೀಡಿತ’ ಎಂಬ ಒಂದೇ ಗೋಣಿಚೀಲಕ್ಕೆ ತುಂಬುತ್ತವೆ. ಪೀಡಿತ ಎಂದರೆ ಆಗಲೇ ಪೆಟ್ಟು ತಿಂದವನು! ಪೆಟ್ಟು ಬೀಳುವ ಮೊದಲು ಅವನಿಗೆ ಹೆಸರೇ ಇಲ್ಲ.

ಕೊಳ್ಳೇಗಾಲಕ್ಕೆ ಹೋಗಿ ನೋಡಿ. ಕಾವೇರಿ ದಡದ ದಾಸನಪುರ, ಮುಳ್ಳೂರು, ಹಳೇ ಅಣಗಳ್ಳಿಗಳಿಗೆ 2018ರಲ್ಲೂ ನೀರು ನುಗ್ಗಿತು, 2019ರಲ್ಲೂ ನುಗ್ಗಿತು. ಇವು ನೆರೆ ಬರುವ ಊರುಗಳು, ಸರಿ. ಆದರೆ ಊರಿಗೆಲ್ಲ ಒಂದೇ ನೆರೆ ಬಂದರೂ ಮಹಡಿ ಮನೆಯವನು ಮೇಲೆ ಹತ್ತುತ್ತಾನೆ, ಮಣ್ಣಿನ ಗೋಡೆಯವಳು ಗಂಜಿಕೇಂದ್ರ ಸೇರುತ್ತಾಳೆ. ಅವಳದು ನೆರೆ ತಾಳದ ಮನೆ. ಇನ್ನೊಂದು ಮಾತು: ಈ ನೀರು ಬರಿಯ ಮಳೆಯದಲ್ಲ, ಕೆ.ಆರ್.ಎಸ್. ಮತ್ತು ಕಬಿನಿಯಿಂದ ಬಿಟ್ಟ ನೀರು. ನೆರೆ ಬರುವುದು ಆ ಊರುಗಳ ಹುಟ್ಟುಗುಣವೇನಲ್ಲ.

ಮೊದಲು ಕೊಳ್ಳೇಗಾಲಕ್ಕೇ ಸೇರಿದ್ದ ಹನೂರಿನಲ್ಲಿ ಕಥೆ ತಿರುವುಮುರುವು. ಅದು ಬರ ಬೀಳುವ ನೆಲ. ಬೋರ್‌ವೆಲ್ ಇದ್ದವನು ಹೇಗೋ ದಾಟುತ್ತಾನೆ. ಮಳೆ ನಂಬಿ ರಾಗಿ, ಜೋಳ ಬಿತ್ತಿದವನು ಬೆಂಗಳೂರಿಗೋ ಕೇರಳಕ್ಕೋ ಕೂಲಿಗೆ ಹೊರಡುತ್ತಾನೆ. ನಿಮ್ಮ ಬೀದಿಯ ಕಟ್ಟಡಕ್ಕೆ ಜಲ್ಲಿ ಹೊರುವವನನ್ನು ಒಮ್ಮೆ ಊರು ಕೇಳಿ.

ಯಳಂದೂರಿನ ಬಿಳಿಗಿರಿರಂಗನ ಬೆಟ್ಟದ್ದೂ ಇದೇ ಪಾಡು. ಬೇಸಿಗೆಯಲ್ಲಿ ಬೆಂಕಿ ಬೀಳುವ ಕಾಡು ಎನ್ನುತ್ತಾರೆ. ಹಿಂದೆ ತಾವು ಹದವರಿತು ಇಡುತ್ತಿದ್ದ ತರಗುಬೆಂಕಿ ನಿಂತ ಮೇಲೆಯೇ ಲಂಟಾನ ಹಬ್ಬಿತು, ಈಗ ಹತ್ತಿದ ಬೆಂಕಿ ಆರುವುದಿಲ್ಲ ಎಂಬುದು ಸೋಲಿಗರ ಮಾತು. ಅವರನ್ನು ಕೇಳಿದವರು ಯಾರು?

ಪದದ ಜಗಳ ಇಷ್ಟೇಕೆ ಅನ್ನಬೇಡಿ. ‘ಬರ ಬೀಳುವ ನೆಲ’ ಎಂದರೆ ಕೆರೆ ಹೂಳೆತ್ತಬೇಕು. ‘ಬರ ತಾಳದ ಜನ’ ಎಂದರೆ ಪಡಿತರ, ಕೂಲಿ, ಮೇವು ಮೊದಲೇ ತಲುಪಬೇಕು. ‘ಬರಪೀಡಿತ’ ಎಂದರೋ, ಎಲ್ಲ ಮುಗಿದ ಮೇಲೆ ಒಂದು ಘೋಷಣೆ, ಒಂದು ಚೆಕ್ಕು!

1956ರ ನವೆಂಬರ್ 1ರ ತನಕ ಕೊಳ್ಳೇಗಾಲ ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. 1963ರಲ್ಲಿ ಕನ್ನಡವನ್ನು ಆಡಳಿತ ಭಾಷೆ ಮಾಡುವ ಕಾನೂನೂ ಬಂತು. ಬಂದದ್ದು ಇಂಗ್ಲಿಷ್ ಕಡತಕ್ಕೆ ಸಂಸ್ಕೃತದ ಅಂಗಿ ತೊಡಿಸುವುದಕ್ಕೇ? ‘ಬೀಳುವ’, ‘ತಾಳದ’ — ಎರಡೂ ನಿಮ್ಮ ಅಜ್ಜಿಗೆ ಗೊತ್ತಿರುವ ಮಾತು. ಊರಿನ ಪರವಾಗಿ ಅರ್ಜಿ ಬರೆಯುವಾಗ ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ. ತಹಶೀಲ್ದಾರರು ಎರಡಕ್ಕೂ ಬೇರೆ ಬೇರೆ ಉತ್ತರ ಕೊಡಲಿ.