ಬೇಲಿ ಮನೆಗಿರಲಿ, ಗುಡ್ಡಕ್ಕೆ ಬೇಡ

ಮಲೆನಾಡಿನ ಗುಡ್ಡದ ಇಳಿಜಾರಿನಲ್ಲಿ ಸೈಟು ಮಾಡಿ ಮನೆ ಕಟ್ಟುವವರ ಬೇಲಿಗೆ ಪಂಚಾಯಿತಿ ನಾಲ್ಕು ನಿಯಮ ಹಾಕಬೇಕೆಂದು ನಾವು ಕೆಲವರು ಕೇಳುತ್ತ ಬಂದಿದ್ದೇವೆ. ಕೇಳಿದಾಗಲೆಲ್ಲ ಎದುರಿನಿಂದ ಬರುವುದು ಅವೇ ಐದು ಮಾತು. ಆಡುವವರು ಹೊರಗಿನವರಲ್ಲ, ಮಳೆಗಾಲದಲ್ಲಿ ಮರ ಬಿದ್ದರೆ ಕತ್ತಿ ಹಿಡಿದು ಓಡಿಬರುವ ನೆರೆಹೊರೆಯವರೇ. ಹಾಗಾಗಿ ಒಂದೊಂದು ಮಾತಿಗೂ ನೇರವಾಗಿ ಉತ್ತರ ಕೊಡುವುದು ನನ್ನ ಕರ್ತವ್ಯ.

ಮೊದಲು ಈ ಬೇಡಿಕೆ ಹುಟ್ಟಿದ್ದು ಹೇಗೆಂದು ಹೇಳುತ್ತೇನೆ. ನಮ್ಮ ಮನೆಯ ಮೇಲಿನ ಗುಡ್ಡದಲ್ಲಿದ್ದ ಹಳೆಯ ಕಾಫಿ ತೋಟ ಸೈಟುಗಳಾಯಿತು. ಸುತ್ತಲೂ ಕಲ್ಲುಕಂಬ, ಆರಡಿ ಚೈನ್‌ಲಿಂಕ್ ಜಾಲರಿ, ಅದರ ಮೇಲೆ ಮೂರು ಸಾಲು ಮುಳ್ಳುತಂತಿ. ಜಾಲರಿಯ ಬುಡವನ್ನು ಕಾಂಕ್ರೀಟಿನಲ್ಲಿ ಹೂತರು. ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಆ ಕಡೆ ಹೋದೆ. ಜಾಲರಿಯ ಹೊರಗೆ ಧೂಳಿನಲ್ಲಿ ಕಾಡುಕುರಿಯ ಗೊರಸಿನ ಗುರುತು ಕಂಡಿತು. ಬುಡಕ್ಕೇ ತಾಗಿಕೊಂಡು ಮೂಲೆಯವರೆಗೆ ಹೋಗಿ, ತಿರುಗಿ ಬಂದು, ಮತ್ತೆ ಹೋಗಿತ್ತು. ಅಲ್ಲಿ ಎಷ್ಟು ಸಲ ತುಳಿದಿತ್ತೆಂದರೆ ಹುಲ್ಲು ಸವೆದು ಹಾದಿಯೇ ಬಿದ್ದಿತ್ತು. ಜಾಲರಿಯ ಒಂದು ಕಣ್ಣಿಗೆ ಕೆಂಚು ಕೂದಲು ಸಿಕ್ಕಿಕೊಂಡಿತ್ತು. ಇಪ್ಪತ್ತು ಹೆಜ್ಜೆ ಆಚೆ ಬೇಸಿಗೆಯಲ್ಲೂ ಬತ್ತದ ಹಳ್ಳ. ಒಳಗೆ ಒಂದು ಮನೆಯೂ ಎದ್ದಿರಲಿಲ್ಲ. ಯಾರನ್ನೂ ಕಾಯದ ಬೇಲಿ ಒಂದು ಜೀವಕ್ಕೆ ನೀರು ತಪ್ಪಿಸಿತ್ತು.

ಇನ್ನು ಆ ಐದು ಮಾತುಗಳು.

“ನನ್ನ ಜಾಗ, ನನ್ನ ಬೇಲಿ. ಕೇಳೋಕೆ ನೀವ್ಯಾರು?”

ಜಾಗ ನಿಮ್ಮದೇ. ಆದರೆ ರಸ್ತೆಯಿಂದ ಇಷ್ಟಡಿ ಬಿಟ್ಟು ಕಟ್ಟಿ ಎಂದರೆ ಬಿಡುತ್ತೀರಿ, ಮೇಲಿನ ಗದ್ದೆಯ ನೀರು ಹಾಯಲು ಕಾಲುವೆ ಬಿಡುತ್ತೀರಿ. ಒಬ್ಬರ ಜಾಗದ ಮೇಲೆ ಇನ್ನೊಬ್ಬರ ಬದುಕು ಹಾಯುತ್ತದೆಂದು ನಾವೆಲ್ಲ ಒಪ್ಪಿಕೊಂಡೇ ಊರು ಕಟ್ಟಿದ್ದು. ಪ್ರಾಣಿಗಳ ಹಾದಿಗೂ ಅದೇ ನ್ಯಾಯ.

ಕಾನೂನೂ ಇದನ್ನೇ ಹೇಳಿದೆ. ನಮ್ಮ ಬಂಡೀಪುರದ ಗಡಿಯಾಚೆ ನೀಲಗಿರಿಯ ಸಿಗೂರು ಪ್ರಸ್ಥಭೂಮಿಯ ಆನೆದಾರಿಯನ್ನು ತಮಿಳುನಾಡು ಸರ್ಕಾರ 2010ರಲ್ಲಿ ಅಧಿಸೂಚಿಸಿತು. ಮಸಿನಗುಡಿ ಸುತ್ತಲಿನ ರೆಸಾರ್ಟ್ ಮತ್ತು ಜಮೀನಿನ ಮಾಲೀಕರು ಅದನ್ನು ಪ್ರಶ್ನಿಸಿದರು. ಮದ್ರಾಸ್ ಹೈಕೋರ್ಟು 2011ರಲ್ಲಿ, ಸುಪ್ರೀಂ ಕೋರ್ಟು 2020ರ ಅಕ್ಟೋಬರ್‌ನಲ್ಲಿ ಅಧಿಸೂಚನೆಯನ್ನು ಎತ್ತಿಹಿಡಿದವು. ಖಾಸಗಿ ಜಮೀನು ಎಂಬ ಕಾರಣಕ್ಕೆ ಆನೆದಾರಿ ಇಲ್ಲವಾಗುವುದಿಲ್ಲ ಎಂಬುದು ಅಲ್ಲಿ ಇತ್ಯರ್ಥವಾಯಿತು. ಅದೇ ತೀರ್ಪು ಮಾಲೀಕರ ಅಹವಾಲು ಕೇಳಲು ನಿವೃತ್ತ ನ್ಯಾಯಮೂರ್ತಿಗಳ ನೇತೃತ್ವದ ಸಮಿತಿಯನ್ನೂ ನೇಮಿಸಿತು. ನಿಯಮವೂ ಇರಬೇಕು, ಮನುಷ್ಯನ ಮಾತನ್ನು ಕೇಳುವ ಕಿವಿಯೂ ಇರಬೇಕು. ನಾವು ಬೇಡುವುದೂ ಅಷ್ಟೇ.

“ಮಕ್ಕಳು ಮರಿ ಇರುವ ಮನೆ. ಪ್ರಾಣಿ ಒಳಗೆ ಬಂದರೆ ಯಾರು ಹೊಣೆ?”

ಐದರಲ್ಲಿ ನಿಜವಾಗಿ ತೂಕವಿರುವ ಮಾತು ಇದು. ನಸುಕಿನಲ್ಲಿ ಹಾಲು ಕೊಡಲು ಹೊರಟವರು, ತೋಟದ ಕೆಲಸಕ್ಕೆ ನಡೆದವರು ಆನೆಯ ಕಾಲಿಗೆ ಸಿಕ್ಕು ಸತ್ತ ಸೀಮೆ ನಮ್ಮದು. ಆ ಭಯವನ್ನು ಹಗುರವಾಗಿ ಕಾಣುವವರು ಇಲ್ಲಿ ಬದುಕಿದವರಲ್ಲ.

ಅದಕ್ಕೇ ನಮ್ಮ ಮೊದಲ ನಿಯಮ ಮನೆಯ ಪರ: ಮನೆ, ಅಂಗಳ, ಕೊಟ್ಟಿಗೆ, ಕಣ ಇಷ್ಟಕ್ಕೆ ಎಷ್ಟು ಗಟ್ಟಿ ಬೇಲಿ ಬೇಕಾದರೂ ಹಾಕಿಕೊಳ್ಳಿ. ನಮ್ಮ ತಕರಾರು ಐದು ಎಕರೆಯ ಗುಡ್ಡವನ್ನೆಲ್ಲ ಸುತ್ತುವರಿಯುವ ಬೇಲಿಯ ಮೇಲೆ. ಅದು ಪ್ರಾಣಿಯನ್ನು ದೂರ ಅಟ್ಟುವುದಿಲ್ಲ, ರಸ್ತೆಗೆ ಅಟ್ಟುತ್ತದೆ. ಎರಡು ಬದಿಯಲ್ಲೂ ಉದ್ದಕ್ಕೆ ಜಾಲರಿ ಇರುವ ಓಣಿಯಲ್ಲಿ ಆನೆ ಎದುರಾದರೆ ಅದಕ್ಕೂ ಪಕ್ಕಕ್ಕೆ ಸರಿಯಲು ಜಾಗವಿಲ್ಲ, ನಮಗೂ ಇಲ್ಲ. ಶಾಲೆಗೆ ಹೋಗುವ ಮಕ್ಕಳು ನಡೆಯುವುದು ಅದೇ ಓಣಿಯಲ್ಲಿ. ಇನ್ನು ಚಿರತೆಗೆ ಆರಡಿ ಕಾಂಪೌಂಡು ಒಂದು ನೆಗೆತ. ಅದರಿಂದ ಕಾಯುವುದು ರಾತ್ರಿ ನಾಯಿಯನ್ನು ಒಳಗೆ ಕಟ್ಟುವ ಅಭ್ಯಾಸ, ಭದ್ರವಾದ ಕೊಟ್ಟಿಗೆ, ಹಿತ್ತಲಿನ ಲಂಟಾನ ಸವರಿ ಇಟ್ಟ ಬಯಲು.

ಜೀವ ಉಳಿಸುವ ಇನ್ನೊಂದು ಉಪಾಯ, ಆನೆ ಎಲ್ಲಿದೆಯೆಂದು ಮೊದಲೇ ತಿಳಿಯುವುದು. ತಮಿಳುನಾಡಿನ ವಾಲ್ಪಾರೈಯ ಚಹಾ ತೋಟಗಳಲ್ಲಿ ಆನೆ ಹತ್ತಿರ ಬಂದರೆ ಮೊಬೈಲಿಗೆ ಸಂದೇಶ ಬರುತ್ತದೆ, ದಾರಿಯಲ್ಲಿ ಕೆಂಪು ದೀಪ ಉರಿಯುತ್ತದೆ. ಇದನ್ನು ಬೆಳೆಸಿದ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ಆನಂದ ಕುಮಾರ್ ಅವರಿಗೆ 2015ರಲ್ಲಿ ವಿಟ್ಲಿ ಪ್ರಶಸ್ತಿ ಬಂತು. ಬೇಲಿಗೆ ಸುರಿಯುವ ದುಡ್ಡಿನ ಒಂದು ಪಾಲು ಇಂಥದ್ದಕ್ಕೆ ಹೋಗಲಿ.

“ಬೇಲಿ ತೆಗೆದರೆ ಬೆಳೆ ಉಳಿಯುತ್ತದೆಯೇ?”

ತೆಗೆಯಿರಿ ಎಂದವರು ಯಾರು? ಭತ್ತದ ಗದ್ದೆಗೆ, ಬಾಳೆಗೆ, ಎಳೆಯ ಅಡಿಕೆಗೆ ನಮ್ಮಲ್ಲಿ ಐಬೆಕ್ಸ್ ಎಂದೇ ಕರೆಯುವ ಸೋಲಾರ್ ಬೇಲಿ ಇರಲಿ. ಅದರ ಯಂತ್ರ ಕರೆಂಟನ್ನು ಒಂದೇ ಸಮನೆ ಹರಿಸುವುದಿಲ್ಲ. ಸುಮಾರು ಸೆಕೆಂಡಿಗೊಮ್ಮೆ, ಕಣ್ಣೆವೆ ಇಕ್ಕುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತು ಮಿಡಿಸುತ್ತದೆ. ಪೆಟ್ಟು ಬೀಳುತ್ತದೆ, ಪ್ರಾಣ ಉಳಿಯುತ್ತದೆ. ಕೊಲ್ಲುವುದು ಕಂಬದ ಲೈನಿನಿಂದ ನೇರವಾಗಿ ಎಳೆದ 230 ವೋಲ್ಟಿನ ತಂತಿ. ಅದು ಆನೆಯನ್ನೂ ಕೊಲ್ಲುತ್ತದೆ, ರಾತ್ರಿ ನೀರು ಕಟ್ಟಲು ಹೋದ ನೆರೆಯವನನ್ನೂ ಕೊಲ್ಲುತ್ತದೆ. ತಮಿಳುನಾಡು 2023ರಲ್ಲಿ ವಿದ್ಯುತ್ ಬೇಲಿಗಳ ನೋಂದಣಿಗೆ ನಿಯಮ ತಂದಿತು. ನಮ್ಮ ಪಂಚಾಯಿತಿಗಳೂ ಬಿಐಎಸ್ ಮಾನದಂಡದ ಯಂತ್ರವೇ ಇರಬೇಕೆಂದು ಲೈಸೆನ್ಸಿನಲ್ಲಿ ಬರೆಯಬಹುದು.

ಬೇಲಿಯೊಂದನ್ನೇ ನಂಬಿ ಕೂತರೆ ಏನಾಗುತ್ತದೆಂದೂ ಕಂಡಿದ್ದೇವೆ. ದಂತಕ್ಕೆ ಕರೆಂಟು ಹತ್ತುವುದಿಲ್ಲವೆಂದು ಕಲಿತ ಆನೆ ದಂತದಿಂದಲೇ ತಂತಿ ಮೀಟುತ್ತದೆ, ಮರ ಕೆಡವಿ ದಾಟುತ್ತದೆ. ಕೋಟಿಗಟ್ಟಲೆ ಸುರಿದು ನಿಲ್ಲಿಸಿದ ರೈಲು ಕಂಬಿಯ ತಡೆಯನ್ನು ದಾಟಲು ಹೋಗಿ 2018ರ ಡಿಸೆಂಬರಿನಲ್ಲಿ ನಾಗರಹೊಳೆಯಲ್ಲಿ ಒಂದು ಸಲಗ ಅದರಲ್ಲೇ ಸಿಕ್ಕಿ ಸತ್ತಿತು. ದಾರಿ ಬಿಡದೆ ನಿಲ್ಲಿಸಿದ ತಡೆಯನ್ನು ಹಸಿದ ಪ್ರಾಣಿ ಪ್ರಾಣ ಪಣಕ್ಕಿಟ್ಟು ದಾಟುತ್ತದೆ. ಪಕ್ಕದಲ್ಲಿ ಹಳ್ಳದ ಹಾದಿ ತೆರೆದಿದ್ದರೆ ಗದ್ದೆಯ ಬೇಲಿಯ ಮೇಲಿನ ಒತ್ತಡವೂ ಕಡಿಮೆಯಾಗುತ್ತದೆ.

“ಆನೆ ಹಿಡಿದು ಕಾಡಿಗೆ ಬಿಡಲಿ. ಊರಲ್ಲಿ ಅವಕ್ಕೇನು ಕೆಲಸ?”

ಹಿಡಿದಿದ್ದಾಯಿತು. ಹೈಕೋರ್ಟಿನ ಆದೇಶದಂತೆ ರಚನೆಯಾದ, ಪ್ರೊ. ರಾಮನ್ ಸುಕುಮಾರ್ ನೇತೃತ್ವದ ಕರ್ನಾಟಕ ಆನೆ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟಿತು. ಆಮೇಲೆ ಆಲೂರು, ಸಕಲೇಶಪುರದ ಕಡೆ 20ಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಿದರು. ಇಂದು ಅಲ್ಲಿ ಆನೆ ಇಲ್ಲವೇ? ಅಲ್ಲಿನ ಯಾವ ಬೆಳೆಗಾರರನ್ನಾದರೂ ಕೇಳಿ. ನೀರು, ನೆರಳು, ಮೇವು ಇರುವ ಜಾಗ ಖಾಲಿಯಾದರೆ ಬೇರೆ ಆನೆ ಬರುತ್ತದೆ. 2023ರ ಗಣತಿಯಲ್ಲಿ ರಾಜ್ಯದ ಆನೆಗಳ ಅಂದಾಜು 6,395. ಇಷ್ಟು ಆನೆಗಳನ್ನು ಗೆರೆ ಎಳೆದು ಒಂದು ಕಡೆ ಇಡುವ ಕಾಡು ನಮ್ಮಲ್ಲಿಲ್ಲ. ತುಂಡು ಕಾಡುಗಳ ನಡುವೆ ಅವು ಓಡಾಡಲೇಬೇಕು, ಓಡಾಡುವುದು ನಮ್ಮ ತೋಟಗಳ ಮೇಲೆಯೇ.

ಒಂದಿಷ್ಟು ಜಾಗ ಬಿಟ್ಟರೂ ಎಷ್ಟು ದೊಡ್ಡ ಕೆಲಸವಾಗುತ್ತದೆ ಎಂಬುದಕ್ಕೆ ಕೊಳ್ಳೇಗಾಲದ ಕಡೆಯ ಎಡೆಯಾರಹಳ್ಳಿ–ದೊಡ್ಡಸಂಪಿಗೆ ಆನೆದಾರಿ ಸಾಕ್ಷಿ. ಅಲ್ಲಿ ಸಂಸ್ಥೆಗಳು ರೈತರಿಂದ ಕೊಂಡು ಅರಣ್ಯ ಇಲಾಖೆಗೆ ಒಪ್ಪಿಸಿದ್ದು ಸುಮಾರು 25 ಎಕರೆ. ಒಂದು ಸಾಧಾರಣ ಲೇಔಟಿನಷ್ಟು ಜಾಗ.

“ರೆಸಾರ್ಟಿನವರನ್ನು ಬಿಟ್ಟು ಬಡವರ ಮೇಲೆ ನಿಯಮವೇ?”

ಈ ಮಾತಿನ ಅರ್ಧವನ್ನು ನಾನು ಪೂರ್ತಿ ಒಪ್ಪುತ್ತೇನೆ. ಐದು ಸೆಂಟ್ಸಿನಲ್ಲಿ ಮನೆ ಕಟ್ಟಿಕೊಂಡವರ ಬೇಲಿಗೆ ನಿಯಮ ಬೇಡವೇ ಬೇಡ. ಎಕರೆಗಿಂತ ಹೆಚ್ಚು ಜಾಗ ಸುತ್ತುವವರಿಗೆ, ಲೇಔಟಿಗೆ, ಹೋಮ್‌ಸ್ಟೇಗೆ, ರೆಸಾರ್ಟಿಗೆ ಮೊದಲು ಅನ್ವಯವಾಗಲಿ. ಖರ್ಚಿನ ಭಯ ಬೇಡ: ಎತ್ತರ ಕಡಿಮೆ ಮಾಡಿ ಬುಡ ಬಿಟ್ಟ ಬೇಲಿಗೆ ತಂತಿಯೂ ಕಡಿಮೆ, ಕಾಂಕ್ರೀಟೂ ಕಡಿಮೆ.

ಇದೇನೂ ಲೋಕದಲ್ಲಿ ಇಲ್ಲದ್ದಲ್ಲ. ಅಮೆರಿಕದ ಮೊಂಟಾನಾ ರಾಜ್ಯದ ವನ್ಯಜೀವಿ ಇಲಾಖೆ ತನ್ನ ರೈತರಿಗೆ ಮೇಲಿನ ತಂತಿ 40 ಇಂಚಿಗಿಂತ ಎತ್ತರ ಬೇಡ, ಕೆಳಗಿನದು ನೆಲದಿಂದ 16 ಇಂಚಾದರೂ ಮೇಲಿರಲಿ ಎಂದು ಸಲಹೆ ಕೊಡುತ್ತದೆ. ಬ್ರಿಟನ್ನಿನಲ್ಲಿ ಹೆಡ್ಜ್‌ಹಾಗ್ ಎಂಬ ಪುಟ್ಟ ಮುಳ್ಳುಪ್ರಾಣಿಗಾಗಿ ಹಿತ್ತಲ ಬೇಲಿಯಲ್ಲಿ 13 ಸೆಂ.ಮೀ. ಚೌಕದ ಕಿಂಡಿ ಬಿಡುತ್ತಾರೆ. ನಮ್ಮ ಹಿರಿಯರಿಗೂ ಇದು ಗೊತ್ತಿತ್ತು. ಅವರು ಗದ್ದೆಗೆ ಅಗಳು ತೋಡಿದರು, ಮನೆ ಸುತ್ತ ದಾಸವಾಳ, ಲಕ್ಕಿಯ ಬೇಲಿ ಹಚ್ಚಿದರು, ಕಾಲುಹಾದಿ ಬಂದಲ್ಲಿ ದಣಪೆ ಇಟ್ಟರು. ಗುಡ್ಡವನ್ನು, ಕಾನನ್ನು, ಹಳ್ಳದ ದಂಡೆಯನ್ನು ಕಟ್ಟಲಿಲ್ಲ. ಕೈಯಾರೆ ಸಾಕಿದ್ದಕ್ಕೆ ಬೇಲಿ ಹಾಕಿದರು, ಕೈಯಲ್ಲಿರುವುದಕ್ಕೆಲ್ಲ ಹಾಕಲಿಲ್ಲ.

ಲೈಸೆನ್ಸಿನ ಹಾಳೆಯಲ್ಲಿ ನಾವು ಕೇಳುವುದು ನಾಲ್ಕೇ ಸಾಲು. ಮನೆ, ಕೊಟ್ಟಿಗೆ, ಬೆಳೆಗೆ ಮಾಲೀಕರ ಇಷ್ಟದ ಬೇಲಿ. ಉಳಿದ ಗುಡ್ಡಕ್ಕೆ ಬೇಲಿ ಬೇಕೇ ಬೇಕೆಂದರೆ ನಾಲ್ಕಡಿಯೊಳಗೆ, ಬುಡದಲ್ಲಿ ಒಂದೂವರೆ ಅಡಿ ಬಿಟ್ಟು, ಮುಳ್ಳುತಂತಿಯಿಲ್ಲದೆ. ಹಳ್ಳದ ಎರಡೂ ದಂಡೆಯಲ್ಲಿ ಮೂವತ್ತಡಿ ತೆರವು. ಲೈನಿನ ಕರೆಂಟು ಯಾವ ಬೇಲಿಗೂ ಇಲ್ಲ.

ಬುಡ ಬಿಟ್ಟರೆ ಹಂದಿಯೂ ನುಸುಳುತ್ತದೆ, ನಿಜ. ಆದರೆ ಅದೇ ಕಿಂಡಿಯಲ್ಲಿ ಮೊಲ, ಉಡ, ಚಿಪ್ಪುಹಂದಿ, ಕಾಡುಕುರಿ ಹಾಯುತ್ತವೆ. ಹಂದಿಯಿಂದ ಕಾಯಬೇಕಾದ ಬೆಳೆಗೆ ಬೇಲಿ ಬೇರೆಯೇ ಇದೆ.

ನಮ್ಮ ಕಡೆ ಕಂಬದ ಗುಂಡಿ ತೋಡುವುದು ಬೇಸಿಗೆಯಲ್ಲಿ. ಹಳ್ಳಗಳು ಬತ್ತಿ, ಪ್ರಾಣಿಗಳು ನೀರು ಹುಡುಕಿ ಇಳಿಯುವುದೂ ಆಗಲೇ. ನಿಂತ ಬೇಲಿಯನ್ನು ಕೀಳಿಸುವುದು ಕಷ್ಟ, ಜಗಳವೂ ಹೌದು. ಗುಂಡಿ ತೋಡುವ ಮೊದಲೇ ಹಳ್ಳದ ಹತ್ತಿರ ಎರಡು ಕಂಬ ಈಚೆಗೆ ಸರಿಸಿ ಎನ್ನುವುದು ಒಂದು ಮಾತಿನ ಕೆಲಸ. ಆ ಮಾತನ್ನು ಪಂಚಾಯಿತಿ ಈ ಬೇಸಿಗೆಗೆ ಮುಂಚೆ ಆಡಲಿ.