ಮಾರಾಟಕ್ಕಿಟ್ಟ ಅಭಾವ

ಭಯಾನಕ ವಿಡಿಯೊ ಗೇಮುಗಳ ಮೇಲೆ ಒಂದು ಆಕ್ಷೇಪಣೆ ಬಹುದಿನಗಳಿಂದ ಕೇಳಿಬರುತ್ತಿದೆ. ಪಿಶಾಚಿ ಬೆನ್ನಟ್ಟಿ ಬರುತ್ತಿರುವಾಗ, ಗುಂಡುಗಳೆಷ್ಟು ಉಳಿದಿವೆ, ಚೀಲದಲ್ಲಿ ಜಾಗವೆಷ್ಟಿದೆ, ಯಾವ ಸೊಪ್ಪಿಗೆ ಯಾವ ಸೊಪ್ಪನ್ನು ಬೆರೆಸಬೇಕು ಎಂದು ಎಣಿಸುತ್ತ ಕೂರುವುದು ಆಟವೊ, ಇಲ್ಲ ಕಿರಾಣಿ ಅಂಗಡಿಯ ಗುಮಾಸ್ತಗಿರಿಯೊ? ಕೈತುಂಬ ಮದ್ದುಗುಂಡು ಕೊಟ್ಟುಬಿಟ್ಟರೆ ತಂಟೆಯೇ ಇಲ್ಲವಲ್ಲ! ಹೀಗೆ ಕೇಳುವವರು ದಡ್ಡರೇನಲ್ಲ. ಆದರೆ ಅವರ ಸಿಟ್ಟು ತಪ್ಪು ಕಡೆಗೆ ತಿರುಗಿದೆ. ಸಿಟ್ಟಾಗಬೇಕಾದ ಸಂಗತಿ ಬೇರೆಯೇ ಇದೆ.

ಈ ಜಾತಿಯ ಆಟಗಳಿಗೆ ಹೆಸರು ತಂದುಕೊಟ್ಟದ್ದು ಜಪಾನಿನ ಕ್ಯಾಪ್ಕಾಮ್ ಕಂಪನಿಯವರು 1996ರಲ್ಲಿ ಹೊರತಂದ ‘ರೆಸಿಡೆಂಟ್ ಈವಿಲ್’. ಶಿಂಜಿ ಮಿಕಾಮಿ ಅದರ ನಿರ್ದೇಶಕರು. ಕಾಡಿನ ನಡುವೆ ಒಂದು ಹಳೆಯ ಬಂಗಲೆ. ಅದರೊಳಗೆ ಸತ್ತ ಮೇಲೂ ನಡೆದಾಡುವ ಹೆಣಗಳು. ಕ್ರಿಸ್ ಎಂಬ ಪಾತ್ರವನ್ನು ಆರಿಸಿಕೊಂಡರೆ ಒಮ್ಮೆಗೆ 6 ವಸ್ತುಗಳನ್ನು ಹೊರಬಹುದು, ಜಿಲ್ ಎಂಬಾಕೆಯಾದರೆ 8. ಪಿಸ್ತೂಲಿಗೆ ಒಂದು ಸ್ಥಾನ, ಗುಂಡಿಗೆ ಒಂದು, ಬೀಗದ ಕೈಗೂ ಒಂದು. ಹೆಚ್ಚಾದದ್ದನ್ನು ಎಲ್ಲಿಯೋ ಒಂದು ಕೋಣೆಯ ಪೆಟ್ಟಿಗೆಯಲ್ಲಿಟ್ಟು ಬರಬೇಕು. ಅಲ್ಲಿಯವರೆಗೆ ಆಡಿದ್ದನ್ನು ಉಳಿಸಿಕೊಳ್ಳಲು ಟೈಪ್‌ರೈಟರ್ ಇದೆಯೆನ್ನಿ. ಆದರೆ ಪ್ರತಿ ಸಲಕ್ಕೂ ಒಂದು ರಿಬ್ಬನ್ ಖರ್ಚು, ಆ ರಿಬ್ಬನ್ನಿಗೂ ಬರ.

ಇದರಿಂದ ಆಗುವುದೇನು? ಓಣಿಯಲ್ಲೊಂದು ಹೆಣ ನಿಂತಿದೆ. ಹೊಡೆದರೆ ಗುಂಡು ಹೋಯಿತು. ತಪ್ಪಿಸಿಕೊಂಡು ಓಡಿದರೆ ಗುಂಡೂ ಉಳಿಯಿತು, ಹೆಣವೂ ಉಳಿಯಿತು. ಈ ಓಣಿಯಲ್ಲಿ ತಾನು ಇನ್ನೆಷ್ಟು ಸಲ ಹಾದುಹೋಗಬೇಕಾದೀತು ಎಂದು ಆಡುವವನು ಯೋಚಿಸತೊಡಗುತ್ತಾನೆ. ಕೊಳೆತ ಮುಖಕ್ಕೆ ಎರಡು ದಿನದಲ್ಲಿ ಕಣ್ಣು ಒಗ್ಗಿಹೋಗುತ್ತದೆ. ಈ ಯೋಚನೆಗೆ ಮನಸ್ಸು ಒಗ್ಗುವುದಿಲ್ಲ. ಅದೇ ಆಟವನ್ನು 2002ರಲ್ಲಿ ಹೊಸದಾಗಿ ಕಟ್ಟಿದಾಗ ಮಿಕಾಮಿಯವರು ಮತ್ತೊಂದು ಗಂಟು ಹಾಕಿದರು. ಉರುಳಿಸಿದ ಹೆಣದ ತಲೆಯನ್ನು ಸಿಡಿಸದೆ, ಇಲ್ಲವೆ ಅದನ್ನು ಸುಡದೆ ಬಿಟ್ಟುಹೋದರೆ, ಕೆಲಕಾಲದ ಮೇಲೆ ಅದು ಕೆಂಪಡರಿ ಮೊದಲಿಗಿಂತ ಚುರುಕಾಗಿ ಎದ್ದು ಬರುತ್ತದೆ. ಸುಡಲು ಸೀಮೆಎಣ್ಣೆ ಬೇಕು. ಡಬ್ಬಿಯಲ್ಲಿ ಹಿಡಿಸುವುದು ಎರಡು ಹೆಣಕ್ಕಾಗುವಷ್ಟು. ಡಬ್ಬಿಗೂ ಚೀಲದಲ್ಲೊಂದು ಸ್ಥಾನ ಕೊಡಬೇಕು. ಸೀಮೆಎಣ್ಣೆಗಾಗಿ ಕ್ಯೂ ನಿಂತು ಬಂದ ನಮ್ಮ ಹಿರಿಯರಿಗೆ ಈ ಕಷ್ಟವನ್ನು ವಿವರಿಸಬೇಕಾಗಿಲ್ಲ.

ವಸ್ತುಗಳನ್ನು ಬೆರೆಸಿ ಬೇಕಾದುದನ್ನು ಮಾಡಿಕೊಳ್ಳುವ ಕೆಲಸಕ್ಕೂ ಇದೇ ನ್ಯಾಯ. ಅಮೆರಿಕದ ನಾಟಿ ಡಾಗ್ ಸಂಸ್ಥೆ 2013ರಲ್ಲಿ ಹೊರತಂದ ‘ದಿ ಲಾಸ್ಟ್ ಆಫ್ ಅಸ್’ ಆಟವನ್ನು ನೋಡಿ. ಕೈಯಲ್ಲಿ ಒಂದು ಚಿಂದಿ ಬಟ್ಟೆ, ಒಂದು ಸೀಸೆ ಮದ್ಯಸಾರ. ಎರಡನ್ನೂ ಸೇರಿಸಿದರೆ ಗಾಯಕ್ಕೆ ಮದ್ದುಪಟ್ಟಿಯಾಗುತ್ತದೆ. ಅವೆರಡರಿಂದಲೇ ಬೆಂಕಿ ಹಚ್ಚಿ ಎಸೆಯುವ ಸೀಸೆಯೂ ಆಗುತ್ತದೆ. ಎರಡರಲ್ಲಿ ಒಂದನ್ನು ಬಿಡಲೇಬೇಕು. ಮಾಡಿಕೊಳ್ಳುವಷ್ಟು ಹೊತ್ತು ಶತ್ರುಗಳು ಮರ್ಯಾದೆಯಿಂದ ಕಾದು ನಿಲ್ಲುವುದೂ ಇಲ್ಲ. ಹೀಗೆ ಒಂದು ಪದಾರ್ಥಕ್ಕೆ ಇಬ್ಬರು ಹಕ್ಕುದಾರರಿದ್ದಾಗ ಮಾತ್ರ ಬೆರೆಸುವ ಕೆಲಸಕ್ಕೆ ಅರ್ಥ. ಕಂಡದ್ದನ್ನೆಲ್ಲ ಆಯ್ದುಕೊಂಡು, ಏನನ್ನೂ ಬಿಟ್ಟುಕೊಡದೆ, ಗುಂಡಿ ಒತ್ತಿ ಎಲ್ಲವನ್ನೂ ಮಾಡಿಕೊಳ್ಳುವ ಆಟಗಳೂ ಬೇಕಾದಷ್ಟಿವೆ. ಅವುಗಳನ್ನು ಕುರಿತು ಗುಮಾಸ್ತಗಿರಿ ಎಂದರೆ ನನ್ನ ತಕರಾರಿಲ್ಲ.

ಕೈ ನಿಧಾನವಾದವರು ಸುಲಭದ ಮಟ್ಟವನ್ನು ಆರಿಸಿಕೊಂಡು ಆಡಲಿ, ಅದರಲ್ಲಿ ಮೋಸವಿಲ್ಲ. 2005ರ ‘ರೆಸಿಡೆಂಟ್ ಈವಿಲ್ 4’ ಆಡುವವನ ಸಾಮರ್ಥ್ಯವನ್ನು ಗುಟ್ಟಾಗಿ ಅಳೆದು, ಸೋಲುತ್ತಿರುವವನ ಪಾಲಿಗೆ ಶತ್ರುಗಳ ಉಪಟಳವನ್ನು ತಗ್ಗಿಸುತ್ತದೆ. ಈ ಗುಟ್ಟು ನನಗೆ ಅಷ್ಟಾಗಿ ರುಚಿಸದು. ಆದರೂ ಕತೆ ಕೇಳುವ ಮಗು ತೀರ ಹೆದರಿತೆಂದರೆ ಅಜ್ಜಿ ರಾಕ್ಷಸನನ್ನು ಕೊಂಚ ಕುಗ್ಗಿಸುವುದಿಲ್ಲವೆ? ಅಜ್ಜಿ ಅದಕ್ಕೆ ಕಾಸು ಕೇಳುವುದಿಲ್ಲ.

ಕಾಸು ಕೇಳಿದವರು ಇದ್ದಾರೆ. ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿ 2008ರಲ್ಲಿ ಹೊರತಂದ ‘ಡೆಡ್ ಸ್ಪೇಸ್’ ಒಳ್ಳೆಯ ಆಟ. ಅಂತರಿಕ್ಷದ ಹಡಗಿನಲ್ಲಿ ಸಿಕ್ಕಿಬಿದ್ದ ಒಬ್ಬ ಎಂಜಿನಿಯರನ ಕತೆ ಅದು. ಅವನ ಒಂದೊಂದು ಆಯುಧಕ್ಕೂ ಬೇರೆ ಬೇರೆ ಮದ್ದು. ಯಾವುದನ್ನು ಹೊರುವುದು, ಯಾವುದನ್ನು ಬಿಡುವುದು ಎಂಬ ಸಂಕಟ ಹೆಜ್ಜೆಹೆಜ್ಜೆಗೂ. 2013ರಲ್ಲಿ ಬಂದ ಮೂರನೆಯ ಭಾಗದಲ್ಲಿ ಎಲ್ಲ ಆಯುಧಗಳಿಗೂ ಒಂದೇ ಮದ್ದು. ಆಯ್ಕೆ ಅಲ್ಲಿಗೇ ಸತ್ತಿತು. ಬದಲಿಗೆ, ಸಾಮಗ್ರಿಗಳನ್ನು ಕೂಡಿಹಾಕಿ ಆಯುಧಗಳನ್ನು ಕಟ್ಟಿಕೊಳ್ಳುವ ಮೇಜೊಂದನ್ನು ಇಟ್ಟರು. ಆ ಸಾಮಗ್ರಿಗಳ ಪೊಟ್ಟಣಗಳನ್ನು ನಿಜವಾದ ಹಣಕ್ಕೆ ಮಾರಲೂ ಕುಳಿತರು.

ಸಮರ್ಥಿಸುವವರು ಹೇಳುವುದು ಇದು: ಯಾರಿಗೂ ಬಲವಂತವಿಲ್ಲ, ಕೊಳ್ಳದೆಯೂ ಆಟ ಮುಗಿಸಬಹುದು, ಸಾಲದ್ದಕ್ಕೆ, ಸಾಮಗ್ರಿ ಹೆಕ್ಕುವ ಪುಟ್ಟ ಯಂತ್ರವೊಂದು ‘ಪಡಿತರ ಮುದ್ರೆ’ಗಳನ್ನೂ ತಂದುಕೊಡುತ್ತದೆ, ಅವುಗಳನ್ನು ಕೊಟ್ಟು ಅದೇ ಪೊಟ್ಟಣಗಳನ್ನು ಬಿಡಿಕಾಸಿಲ್ಲದೆ ಪಡೆಯಬಹುದು. ಎಲ್ಲವೂ ನಿಜ. ದಾಸ್ತಾನನ್ನು ಬಚ್ಚಿಟ್ಟು ಕಾಳಸಂತೆಯಲ್ಲಿ ಮಾರುವ ಧಾನ್ಯದ ವ್ಯಾಪಾರಿಯೂ ಯಾರನ್ನೂ ಕತ್ತು ಹಿಡಿದು ಅಂಗಡಿಗೆ ಎಳೆದುತರುವುದಿಲ್ಲ. ಪಡಿತರದ ಅಂಗಡಿ ಇದೆಯಲ್ಲ, ಅಲ್ಲಿಗೆ ಹೋಗಿ ಎನ್ನುತ್ತಾನೆ. ದೋಷವಿರುವುದು ಬಲವಂತದಲ್ಲಲ್ಲ ಸ್ವಾಮಿ. ಬರವನ್ನು ಅಳೆದು ಇಟ್ಟ ಕೈಯೇ ಬರಕ್ಕೆ ಪರಿಹಾರವನ್ನೂ ಮಾರುತ್ತಿದೆ ಎಂಬುದರಲ್ಲಿದೆ. ಮಿಕಾಮಿಯವರ ಬಂಗಲೆಯಲ್ಲಿ ಗುಂಡು ಮುಗಿದರೆ ಆಡುವವನು ತನ್ನನ್ನೇ ಬಯ್ದುಕೊಳ್ಳುತ್ತಾನೆ: ಆ ಓಣಿಯಲ್ಲಿ ದುಡುಕಬಾರದಾಗಿತ್ತು ಎಂದು. ಪಕ್ಕದಲ್ಲಿ ಅಂಗಡಿಯೊಂದು ತೆರೆದಿದ್ದರೆ ಅವನಿಗೆ ಬರುವ ಯೋಚನೆಯೇ ಬೇರೆ. ಈ ಕೊರತೆ ಕತೆಗೆ ಬೇಕಾಗಿ ಬಂದದ್ದೊ, ಕೊಳ್ಳಲೆಂದು ತಂದಿಟ್ಟದ್ದೊ? ಒಮ್ಮೆ ಈ ಸಂಶಯ ಹೊಕ್ಕಿತೆಂದರೆ ಭಯ ಹೋಗಿ ಚೌಕಾಶಿ ಬರುತ್ತದೆ. ನಿರ್ಮಾಪಕನು ನಿಜಕ್ಕೂ ಪ್ರಾಮಾಣಿಕವಾಗಿಯೇ ಅಳೆದಿರಬಹುದು. ಅದನ್ನು ನಂಬಲು ಆಡುವವನಿಗೆ ಕಾರಣ ಉಳಿದಿರುವುದಿಲ್ಲ.

2023ರ ಜನವರಿಯಲ್ಲಿ ಮೊದಲ ‘ಡೆಡ್ ಸ್ಪೇಸ್’ ಹೊಸ ರೂಪದಲ್ಲಿ ಬಂತು. ಒಂದೊಂದು ಆಯುಧಕ್ಕೂ ಮತ್ತೆ ಬೇರೆ ಬೇರೆ ಮದ್ದು. ಸಾಮಗ್ರಿಗಳನ್ನು ಹಣಕ್ಕೆ ಮಾರುವ ಅಂಗಡಿ ಅದರಲ್ಲಿರಲಿಲ್ಲ. ಅದೇ ವರ್ಷದ ಏಪ್ರಿಲಿನಲ್ಲಿ, ಹೊಸದಾಗಿ ಕಟ್ಟಿದ ‘ರೆಸಿಡೆಂಟ್ ಈವಿಲ್ 4’ರ ಜೊತೆಗೆ, ಆಯುಧದ ವಿಶೇಷ ಸುಧಾರಣೆಯನ್ನು ಕೂಡಲೆ ಕೈಗಿಡುವ ಚೀಟಿಗಳು ಮಾರಾಟಕ್ಕೆ ಬಂದವು: ಒಂದಾದರೆ ಒಂದು ಬೆಲೆ, ಐದಾದರೆ ಇನ್ನೊಂದು ಬೆಲೆ. ಮಾರಿದವರು ಕ್ಯಾಪ್ಕಾಮ್‌ನವರೇ, 1996ರಲ್ಲಿ ರಿಬ್ಬನ್ನುಗಳನ್ನು ಎಣಿಸಿ ಕೊಟ್ಟವರು.